ಅಡಿಗಲ್ಲಿಗೆ ಮೊದಲು ಲೆಕ್ಕ ಕೊಡಿ

ಕ್ರೀಡಾಂಗಣ ಬಂದರೆ ಊರು ಉದ್ಧಾರವಾಗುತ್ತದೆ ಎಂಬ ಮಾತನ್ನು ಈಗ ತುಮಕೂರಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸೋರೆಕುಂಟೆಯಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ ಅಡಿಗಲ್ಲು ಹಾಕಿದ ಮೇಲಂತೂ ಬಿ.ಎಚ್. ರಸ್ತೆಯ ಹೋಟೆಲುಗಳಲ್ಲಿ, ಅಶೋಕ ರಸ್ತೆಯ ಅಂಗಡಿಗಳಲ್ಲಿ ಒಂದೇ ಎಣಿಕೆ. ಸುಮಾರು 41 ಎಕರೆಯಲ್ಲಿ ಸ್ಟೇಡಿಯಂ ಏಳುತ್ತದೆ, ಐಪಿಎಲ್ ಪಂದ್ಯ ಇಲ್ಲೇ ನಡೆಯುತ್ತದೆ, ಲಾಡ್ಜುಗಳು ತುಂಬುತ್ತವೆ, ಜಮೀನಿಗೆ ರೇಟು ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ. ಬೆಂಗಳೂರಿನ ನೆರಳಲ್ಲೇ ಇದ್ದು ಬೇಸತ್ತ ಊರಿಗೆ ಇಂಥ ಆಸೆ ಹುಟ್ಟುವುದು ಸಹಜ. ಆಸೆಪಡುವವರನ್ನು ಹೀಗಳೆಯಲು ನಾನು ಬರೆಯುತ್ತಿಲ್ಲ.

ಇದೇ ಮಾತು ದೇಶದ ಮಟ್ಟದಲ್ಲಿ ಇನ್ನೂ ದೊಡ್ಡ ದನಿಯಲ್ಲಿ ಕೇಳುತ್ತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ನಡೆಸಲು ನಾವು ಸಿದ್ಧ ಎಂದು ಭಾರತ 2024ರ ಅಕ್ಟೋಬರ್‌ನಲ್ಲೇ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಸಕ್ತಿ ಪತ್ರ ಕೊಟ್ಟಿದೆ. ಖರ್ಚಿನ ಮಾತೆತ್ತಿದವರಿಗೆ ಸಿಗುವ ಉತ್ತರ ದೆಹಲಿಯಲ್ಲೂ ತುಮಕೂರಿನಲ್ಲೂ ಒಂದೇ: ‘ಯಾರು ತಿನ್ನಲ್ಲ ಹೇಳಿ? ತಿಂದರೂ ಕೆಲಸ ಮಾಡಿದರೆ ಸಾಕು.’

ಈ ಎರಡು ಮಾತುಗಳು ಜೋಡಿಯಾಗಿಯೇ ಓಡಾಡುತ್ತವೆ. ಎರಡೂ ತಪ್ಪು ಎಂಬುದು ನನ್ನ ವಾದ. ಸೋರೆಕುಂಟೆಯ ಯೋಜನೆಯಲ್ಲಿ ಅಕ್ರಮ ನಡೆದಿದೆ ಎಂದು ನಾನು ಆಪಾದಿಸುತ್ತಿಲ್ಲ. ಆ ಯೋಜನೆಯ ಸುತ್ತ ಬೆಳೆದಿರುವ ನಂಬಿಕೆಯನ್ನು ಖಂಡಿಸುತ್ತಿದ್ದೇನೆ. ದೊಡ್ಡ ಕ್ರೀಡಾಕೂಟದ ಹೆಸರಿನಲ್ಲಿ ಜನ ಮೊದಲು ಕಳೆದುಕೊಳ್ಳುವುದು ಲೆಕ್ಕ ಕೇಳುವ ಹಕ್ಕನ್ನು. ದುಡ್ಡು ಕಳೆದುಕೊಳ್ಳುವುದು ಅದರ ಹಿಂದೆಯೇ. ಆ ಹಕ್ಕು ಹೋದ ಕಡೆ ಕ್ರೀಡಾಂಗಣ ಎದ್ದರೂ ಊರು ಏಳುವುದಿಲ್ಲ.

ದೆಹಲಿಯ ಕಥೆಯಿಂದ ಶುರು ಮಾಡೋಣ, ಏಕೆಂದರೆ ಅದನ್ನು ನಾವು ಬೇಗ ಮರೆತಿದ್ದೇವೆ. 2010ರ ಅಕ್ಟೋಬರ್ 3ರಿಂದ 14ರವರೆಗೆ ಅಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಆತಿಥ್ಯ ಸಿಕ್ಕಿದ್ದು 2003ರಲ್ಲಿ. ತಯಾರಿಗೆ ಸುಮಾರು ಏಳು ವರ್ಷ ಕೈಯಲ್ಲಿತ್ತು. 2011ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಈ ಏಳು ವರ್ಷ ಹೇಗೆ ಕಳೆಯಿತೆಂದು ಬಿಡಿಸಿ ಹೇಳಿತು. ಆರಂಭದ ವರ್ಷಗಳು ಸುಮ್ಮನೆ ಹೋದವು. ಕೊನೆಗೆ ಗಡುವು ಕುತ್ತಿಗೆಗೆ ಬಂತು. ಹೊತ್ತಿಲ್ಲ ಎಂಬ ಕಾರಣ ಕೊಟ್ಟು ಟೆಂಡರಿನ ನಿಯಮಗಳನ್ನು ಬದಿಗೆ ಸರಿಸಲಾಯಿತು. ಒಟ್ಟು ಖರ್ಚು, ಸಿಎಜಿ ಲೆಕ್ಕದಲ್ಲಿ, 18,532 ಕೋಟಿ ರೂಪಾಯಿ. ಮೊದಲು ಹೇಳಿದ್ದ ಅಂದಾಜಿನ ಎಷ್ಟೋ ಪಟ್ಟು. ಸಮಯ ಮತ್ತು ಅಂಕ ದಾಖಲಿಸುವ ಉಪಕರಣಗಳ ಗುತ್ತಿಗೆ ಸ್ವಿಸ್ ಕಂಪನಿಯೊಂದಕ್ಕೆ 141 ಕೋಟಿಗೆ ಹೋಯಿತು. ಅದರಲ್ಲೇ ಸುಮಾರು 90 ಕೋಟಿ ನಷ್ಟವಾಯಿತೆಂದು ಸಿಬಿಐ ಆಪಾದಿಸಿತು. ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ 2011ರ ಏಪ್ರಿಲ್‌ನಲ್ಲಿ ಬಂಧನಕ್ಕೊಳಗಾದರು. ಕೂಟಕ್ಕೆ ಎರಡು ವಾರವಿದ್ದಾಗ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಪಕ್ಕದ ಪಾದಚಾರಿ ಮೇಲ್ಸೇತುವೆ ಕುಸಿದು ಕೂಲಿಕಾರರು ಗಾಯಗೊಂಡರು.

ತನಿಖೆ, ವರದಿ, ಬಂಧನ ಎಲ್ಲವೂ ಬಂದದ್ದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕಲ್ಮಾಡಿ ಅವರ ಮೇಲಿನ ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಸಲ್ಲಿಸಿದ ಮುಕ್ತಾಯ ವರದಿಯನ್ನು 2025ರಲ್ಲಿ ದೆಹಲಿಯ ನ್ಯಾಯಾಲಯ ಒಪ್ಪಿಕೊಂಡಿತು. ಹದಿನೈದು ವರ್ಷ ಕಳೆದವು, ಖರ್ಚಾದ ದುಡ್ಡು ಖರ್ಚಾಗಿಯೇ ಹೋಯಿತು. ಯಾರು ಹೊಣೆ ಎಂಬ ಪ್ರಶ್ನೆಗೆ ಇಂದಿಗೂ ನಾಡಿಗೆ ತೃಪ್ತಿಯಾಗುವ ಉತ್ತರವಿಲ್ಲ. ಆಮೇಲೆ ತನಿಖೆ ಮಾಡಿಸಿದರಾಯಿತು ಎನ್ನುವವರು ಈ ಒಂದು ಪ್ರಕರಣದ ಜಾಡು ಹಿಡಿದು ನೋಡಲಿ.

ಆ ದುಡ್ಡು ಯಾರದಾಗಿತ್ತು ಎಂಬುದು ಇನ್ನೂ ನೋವಿನ ಸಂಗತಿ. ಪರಿಶಿಷ್ಟ ಜಾತಿಗಳ ವಿಶೇಷ ಘಟಕ ಯೋಜನೆಗೆ ಮೀಸಲಾಗಿದ್ದ ಸುಮಾರು 744 ಕೋಟಿ ರೂಪಾಯಿಯನ್ನು ದೆಹಲಿ ಸರ್ಕಾರ ಕ್ರೀಡಾಕೂಟದ ಕೆಲಸಗಳಿಗೆ ತಿರುಗಿಸಿತ್ತು. ಮಾಹಿತಿ ಹಕ್ಕಿನ ಅರ್ಜಿಯಿಂದ ಇದು ಹೊರಬಂತು. ಹಾಗೆ ತಿರುಗಿಸಿದ್ದು ಮೇಲ್ನೋಟಕ್ಕೇ ತಪ್ಪು ಎಂದು ಆಗಿನ ಗೃಹ ಸಚಿವ ಪಿ. ಚಿದಂಬರಂ ರಾಜ್ಯಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಅದಕ್ಕೂ ಮುಂಚೆ, 1982ರ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಿಗೆ ಕಲ್ಲು ಹೊತ್ತ ಕೂಲಿಕಾರರಿಗೆ ಕನಿಷ್ಠ ಕೂಲಿಯೂ ಸಿಗುತ್ತಿರಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಗೆ ಸಮ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಅದೇ ಪ್ರಕರಣದಲ್ಲಿ. ದೇಶದ ಮಾನ ಕಾಯುವ ಕೂಟಗಳಿಗೆ ಪ್ರತಿ ಸಲವೂ ಬೆಲೆ ತೆತ್ತವರು ದೇಶದ ಅತ್ಯಂತ ಬಡವರು. ಈ ಮಾತನ್ನು ಸುಪ್ರೀಂ ಕೋರ್ಟಿನ ದಾಖಲೆ, ರಾಜ್ಯಸಭೆಯ ಕಡತ ಎರಡೂ ಹೇಳುತ್ತವೆ.

ಇದು ದೆಹಲಿಯ ಕಾಯಿಲೆ, ನಮ್ಮದಲ್ಲ ಎನ್ನುವಂತಿಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಕಾಮಗಾರಿಗಳಿಗೆ ಕೆಟಿಪಿಪಿ ಕಾಯ್ದೆ ಇದೆ, 1999ರದ್ದು. ಟೆಂಡರ್ ಕರೆಯದೆ ಕೆಲಸ ಕೊಡಬಾರದು ಎಂಬುದು ಅದರ ತಿರುಳು. ಅದೇ ಕಾಯ್ದೆಯ 4(ಜಿ) ಕಲಂ ಪ್ರಕಾರ ಸರ್ಕಾರ ವಿನಾಯಿತಿಯನ್ನೂ ಕೊಡಬಹುದು. ಯಾವುದೇ ಕಡತಕ್ಕೆ ‘ತುರ್ತು’ ಎಂಬ ಪದ ಅಂಟಿದರೆ ಆ ಕಲಂನ ಬಾಗಿಲು ತೆರೆಯುತ್ತದೆ. ಉದ್ಘಾಟನೆಯ ದಿನಾಂಕ ಮುಂಚೆಯೇ ಗೊತ್ತಾಗಿರುವ, ಮುಂದೂಡಿದರೆ ಮಾನ ಹೋಗುವ ಕ್ರೀಡಾಕೂಟಕ್ಕಿಂತ ತುರ್ತಿನ ಕೆಲಸ ಯಾವುದಿದೆ? 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷ ಕೆಂಪಣ್ಣ ಶೇ 40ರ ಕಮಿಷನ್ ಬಗ್ಗೆ ಪ್ರಧಾನಿಗೇ ಪತ್ರ ಬರೆದರು. ಸರ್ಕಾರ ಬದಲಾಯಿತು, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ಬಂತು, 2025ರಲ್ಲಿ ವರದಿಯೂ ಬಂತು. ಇದರ ನಡುವೆಯೇ, 2024ರಲ್ಲಿ, ಕಮಿಷನ್ ನಿಂತಿಲ್ಲ ಎಂದು ಅದೇ ಸಂಘ ಮತ್ತೆ ದೂರಿತು. ಸಾಮಾನ್ಯ ದಿನಗಳಲ್ಲಿ, ರಸ್ತೆ ಚರಂಡಿಯ ಕಾಮಗಾರಿಗಳಲ್ಲೇ ಈ ಪಾಡು ಎಂದು ಗುತ್ತಿಗೆದಾರರೇ ಗೋಳಿಡುವ ರಾಜ್ಯದಲ್ಲಿ, ಗಡುವು ಮತ್ತು ಮಾನದ ಹೆಸರು ಹೇಳಿಕೊಂಡು ಬರುವ ಕಾಮಗಾರಿಯನ್ನು ಯಾರು ಕಾಯುತ್ತಾರೆ?

ಇಡೀ ದೇಶವೊಂದು ಈ ದಾರಿಯಲ್ಲಿ ಹೋಗಿ ಪಟ್ಟ ಪಾಡನ್ನೂ ನೋಡಬೇಕು. ಬ್ರೆಜಿಲ್‌ಗೆ 2007ರಲ್ಲಿ ವಿಶ್ವಕಪ್ ಫುಟ್‌ಬಾಲ್ ಸಿಕ್ಕಿತು, 2009ರಲ್ಲಿ ರಿಯೊ ನಗರಕ್ಕೆ ಒಲಿಂಪಿಕ್ಸ್. ಆಗ ಆ ದೇಶದ ಆರ್ಥಿಕತೆ ಏರುಮುಖದಲ್ಲಿತ್ತು, ಹಣ ಹರಿಯುತ್ತಿತ್ತು. 2013ರ ಜೂನ್ ಹೊತ್ತಿಗೆ, ಬಸ್ ದರ ಏರಿಕೆಯ ವಿರುದ್ಧ ಸಾವೊ ಪೌಲೊದಲ್ಲಿ ಶುರುವಾದ ಪ್ರತಿಭಟನೆ ದೇಶವನ್ನೆಲ್ಲ ಹಬ್ಬಿತು. ಕ್ರೀಡಾಂಗಣಗಳಿಗೆ ಫಿಫಾ ದರ್ಜೆ ಕೊಡುವವರು ಆಸ್ಪತ್ರೆ, ಶಾಲೆಗಳಿಗೂ ಅದೇ ದರ್ಜೆ ಕೊಡಲಿ ಎಂದು ಫುಟ್‌ಬಾಲನ್ನು ಉಸಿರಿನಂತೆ ಪ್ರೀತಿಸುವ ಜನ ಬೀದಿಯಲ್ಲಿ ನಿಂತು ಕೇಳಿದರು. ವಿಶ್ವಕಪ್‌ಗೆ 12 ಕ್ರೀಡಾಂಗಣಗಳು ಸಿದ್ಧವಾದವು. ರಾಜಧಾನಿ ಬ್ರೆಸಿಲಿಯಾದಲ್ಲಿ ಮೊದಲ ದರ್ಜೆಯ ಲೀಗಿನಲ್ಲಿ ಆಡುವ ಒಂದು ಕ್ಲಬ್ಬೂ ಇರಲಿಲ್ಲ. ಅಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ ಎದ್ದಿತು. ವಿಶ್ವಕಪ್ಪಿನ ಮರುವರ್ಷ ಅದರ ಆವರಣದಲ್ಲಿ ಸಿಟಿ ಬಸ್ಸುಗಳು ನಿಂತಿದ್ದವು.

ವಿಶ್ವಕಪ್ಪಿನ ವರ್ಷವೇ, 2014ರ ಮಾರ್ಚ್‌ನಲ್ಲಿ, ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್ ಸುತ್ತಲಿನ ಲಂಚದ ಜಾಲದ ತನಿಖೆ ಶುರುವಾಯಿತು. ಅದರಲ್ಲಿ ಸಿಕ್ಕಿಬಿದ್ದ ಓಡೆಬ್ರೆಕ್ಟ್‌ನಂಥ ಕಟ್ಟಡ ಕಂಪನಿಗಳೇ ವಿಶ್ವಕಪ್, ಒಲಿಂಪಿಕ್ಸ್ ಕಾಮಗಾರಿಗಳನ್ನೂ ಹಿಡಿದಿದ್ದವು. 2015 ಮತ್ತು 2016, ಎರಡೂ ವರ್ಷ ಬ್ರೆಜಿಲ್‌ನ ಆರ್ಥಿಕತೆ ಶೇ 3ಕ್ಕಿಂತ ಹೆಚ್ಚು ಕುಗ್ಗಿತು. 2016ರ ಜೂನ್‌ನಲ್ಲಿ, ಒಲಿಂಪಿಕ್ಸ್‌ಗೆ ಇನ್ನು ಏಳು ವಾರ ಇರುವಾಗ, ರಿಯೊ ರಾಜ್ಯ ಹಣಕಾಸಿನ ವಿಪತ್ತು ಘೋಷಿಸಿತು. ಸಂಬಳ ಸಿಗದ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ವಿಮಾನ ನಿಲ್ದಾಣದಲ್ಲೇ ಬ್ಯಾನರ್ ಹಿಡಿದು ನಿಂತು, ಬಂದವರಿಗೆ ನರಕಕ್ಕೆ ಸ್ವಾಗತ ಎಂದರು. ಒಲಿಂಪಿಕ್ಸ್ ತಂದ ಹೆಗ್ಗಳಿಕೆಯ ಮಾಜಿ ಗವರ್ನರ್ ಸೆರ್ಜಿಯೊ ಕಬ್ರಾಲ್ ಅದೇ ವರ್ಷ ನವೆಂಬರ್‌ನಲ್ಲಿ ಜೈಲು ಸೇರಿದರು. ಆತಿಥ್ಯಕ್ಕಾಗಿ ಮತ ಕೊಳ್ಳಲು 20 ಲಕ್ಷ ಡಾಲರ್ ಕೊಡಿಸಿದ್ದನ್ನು 2019ರಲ್ಲಿ ನ್ಯಾಯಾಲಯದಲ್ಲೇ ಒಪ್ಪಿಕೊಂಡರು.

ಬ್ರೆಜಿಲ್ ಕುಸಿದದ್ದು ಆಟದಿಂದಲೇ ಎಂದರೆ ಅದು ಸುಳ್ಳಾಗುತ್ತದೆ. ಅದಿರು, ತೈಲ, ಸೋಯಾ ಬೆಲೆ ಜಗತ್ತಿನಲ್ಲಿ ಬಿದ್ದದ್ದು ಮುಖ್ಯ ಕಾರಣ, ರಾಜಕೀಯ ಬಿಕ್ಕಟ್ಟು ಇನ್ನೊಂದು. ಆದರೆ ಬೆಲೆ ಬೀಳುವ ಹೊತ್ತಿಗೆ ಕೈಯಲ್ಲಿರಬೇಕಾದ ದುಡ್ಡು ಕಾಂಕ್ರೀಟಾಗಿ ನಿಂತಿತ್ತು. ಕೆಟ್ಟ ಕಾಲಕ್ಕೆ ಎಚ್ಚರಿಸಬೇಕಾದವರು ಕೂಟ ಮುಗಿಯಲಿ ಆಮೇಲೆ ನೋಡೋಣ ಎಂದು ಸುಮ್ಮನಿದ್ದರು. ಇಳಿಜಾರು ಕಣ್ಣಿಗೆ ಬೀಳದಂತೆ ಹಬ್ಬದ ದೀಪಗಳು ಮರೆಮಾಡಿದವು. ಭ್ರಷ್ಟಾಚಾರಕ್ಕೂ ಆರ್ಥಿಕ ಕುಸಿತಕ್ಕೂ ದೊಡ್ಡ ಕೂಟಗಳಿಗೂ ಇರುವ ನಂಟು ಇಷ್ಟೇ. ಇಷ್ಟಾದರೂ ಸಾಕು, ಒಂದು ತಲೆಮಾರಿನ ಬದುಕು ಹಾಳಾಗಲು.

ದೂರದ ಕ್ರೀಡಾಕೂಟದ ಬಿಸಿ ನಮ್ಮ ಜಿಲ್ಲೆಗೂ ಒಮ್ಮೆ ತಟ್ಟಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದಲ್ಲಿ ಎದ್ದ ನಿರ್ಮಾಣದ ಭರಾಟೆಗೆ ಉಕ್ಕು ಬೇಕಿತ್ತು. ಒಲಿಂಪಿಕ್ಸ್ ಆ ಭರಾಟೆಯ ಒಂದು ಭಾಗ. ಅದಿರಿನ ಬೆಲೆ ಏರಿತು. ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗುಡ್ಡಗಳಿಗೂ ಯಂತ್ರಗಳು ಹತ್ತಿದವು. ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ನಿಂತಿತು. ತೆಂಗಿನ ಗರಿ, ಅಡಿಕೆ ಹೊಂಬಾಳೆಯ ಮೇಲೆ ಕೆಂಪು ದೂಳು ಕೂತಿತು. ಊರು ಬದಲಾಗುತ್ತಿದೆ, ದುಡ್ಡು ಓಡಾಡುತ್ತಿದೆ ಎಂಬ ಮಾತು ಆಗಲೂ ಇತ್ತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ಎಂದು ಅಂದಾಜು ಮಾಡಿತು. ನಾಲ್ಕೇ ದಿನದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗದಲ್ಲೂ ಗಣಿಗಾರಿಕೆ ನಿಲ್ಲಿಸಿತು. ಲಾಭ ಮಾಡಿದವರು ಲಾಭ ಎತ್ತಿಕೊಂಡು ಹೋದರು. ಸಾಲ ಮಾಡಿ ಲಾರಿ ಕೊಂಡವರ ಮನೆಗೆ ಫೈನಾನ್ಸ್‌ನವರು ಬಂದರು. ಏರುವಾಗ ಕೆಲವರು, ಇಳಿಯುವಾಗ ಎಲ್ಲರೂ ಎಂಬ ಪಾಠವನ್ನು ನಮ್ಮ ಜಿಲ್ಲೆ ಹೊರಗಿನವರಿಂದ ಕಲಿಯಬೇಕಾಗಿಲ್ಲ.

ಕುಣಿಗಲ್ಲಿನ ಕುದುರೆ ಫಾರಂ ಇದೇ ಪಾಠದ ಇನ್ನೊಂದು ಪುಟ. ಟಿಪ್ಪುವಿನ ಕಾಲದಿಂದ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ, ನಾನೂರು ಎಕರೆಗೂ ಮೀರಿದ ಆ ಸರ್ಕಾರಿ ಜಾಗವನ್ನು 1992ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಡಲಾಯಿತು. ಅದೇ ಮಲ್ಯ 2008ರಲ್ಲಿ ರಾಯಲ್ ಚಾಲೆಂಜರ್ಸ್ ತಂಡವನ್ನು 11 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು, ಫಾರ್ಮುಲಾ ಒನ್ ತಂಡದ ಒಡೆಯರೂ ಆದರು. 2002 ಮತ್ತು 2010ರಲ್ಲಿ ಅವರನ್ನು ಕರ್ನಾಟಕದಿಂದ ರಾಜ್ಯಸಭೆಗೆ ಕಳಿಸಿದವರು ನಮ್ಮ ಶಾಸಕರೇ. ಅದಕ್ಕೆ ಒಂದೇ ಪಕ್ಷ ಹೊಣೆಯಲ್ಲ. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು, ನೌಕರರ ಸಂಬಳ ಉಳಿಯಿತು, ಬ್ಯಾಂಕುಗಳ ಸುಮಾರು 9 ಸಾವಿರ ಕೋಟಿ ಬಾಕಿ ಉಳಿಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. 2019ರಲ್ಲಿ ಅವರು ‘ದೇಶಭ್ರಷ್ಟ ಆರ್ಥಿಕ ಅಪರಾಧಿ’ ಎಂದು ನ್ಯಾಯಾಲಯ ಘೋಷಿಸಿತು. ಆ ವರ್ಷಗಳುದ್ದಕ್ಕೂ ಸಾಲದ ಪ್ರಶ್ನೆ ಕೇಳಬೇಕಾದವರು ಪಂದ್ಯದ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಈಗ ಗುತ್ತಿಗೆಯ ಅವಧಿ ಮುಗಿದಿದೆ. 2024ರಲ್ಲಿ ಆ ಹಸಿರು ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂದು ಕುಣಿಗಲ್ಲಿನ ಜನ ಎದ್ದು ನಿಂತರು. ಅವರು ಕೇಳಿದ್ದು ಸರಳ ಪ್ರಶ್ನೆ: ನಮ್ಮ ಊರಿನ ಜಾಗದ ತೀರ್ಮಾನವನ್ನು ನಮ್ಮನ್ನು ಕೇಳದೆ ಹೇಗೆ ಮಾಡುತ್ತೀರಿ? ತುಮಕೂರು ಕೇಳಬೇಕಾದದ್ದೂ ಇದನ್ನೇ.

ಇನ್ನು ‘ವ್ಯಾಪಾರ ಬರುತ್ತದೆ’ ಎಂಬ ಮಾತು. ಐಪಿಎಲ್ ತಂಡವೊಂದಕ್ಕೆ ಲೀಗ್ ಹಂತದಲ್ಲಿ ತವರಿನಲ್ಲಿ ಸಿಗುವುದು ಏಳು ಪಂದ್ಯ. ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಇದೆ. ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಆಸನಗಳ, 1,650 ಕೋಟಿ ರೂಪಾಯಿಯ ಇನ್ನೊಂದು ಕ್ರೀಡಾಂಗಣವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಏಳು ಪಂದ್ಯಗಳನ್ನು ಮೂರು ಕಡೆಗೂ ಸಮವಾಗಿ ಹಂಚಿದರೂ ತುಮಕೂರಿನ ಪಾಲಿಗೆ ಎರಡೋ ಮೂರೋ ಸಂಜೆ. ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಿಂದ ಕಾರಿನಲ್ಲಿ ಬಂದ ಪ್ರೇಕ್ಷಕ ಪಂದ್ಯ ಮುಗಿದ ರಾತ್ರಿಯೇ ಹೆದ್ದಾರಿ ಹಿಡಿದು ಮನೆ ಸೇರುತ್ತಾನೆ. ಅವನು ಲಾಡ್ಜಿನಲ್ಲಿ ಉಳಿಯುವುದಿಲ್ಲ, ಮಂಡಿಪೇಟೆಯಲ್ಲಿ ಸಾಮಾನು ಕೊಳ್ಳುವುದಿಲ್ಲ. ಪ್ರಸಾರದ ಹಕ್ಕಿನ ಹಣ ಕ್ರಿಕೆಟ್ ಮಂಡಳಿ ಮತ್ತು ತಂಡಗಳಿಗೆ, ಟಿಕೆಟ್ಟಿನ ಹಣ ತಂಡಕ್ಕೆ. ಬಂದೋಬಸ್ತು, ಟ್ರಾಫಿಕ್ಕು, ಕಸ ಊರಿಗೆ. ಉಳಿದ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಆ ಹುಲ್ಲಿಗೆ ನೀರು ಬೇಕು, ಕಟ್ಟಡಕ್ಕೆ ಕಾವಲು ಬೇಕು, ಕರೆಂಟು ಬೇಕು. ಬೇಸಿಗೆಯಲ್ಲಿ ಹೇಮಾವತಿ ನೀರಿಗೆ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ನಡುವೆಯೇ ಜಟಾಪಟಿ ನಡೆಯುವ ಜಿಲ್ಲೆ ಇದು.

ಕೆಲಸ ಬೇಕೆಂದರೆ ಕೆಲಸ ಕೊಡುವ ಜಾಗಗಳನ್ನು ನೋಡಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಯಿತು. ಅಲ್ಲಿಯೂ ಸ್ಥಳೀಯರಿಗೆ ಎಷ್ಟು ಕೆಲಸ ಸಿಕ್ಕಿತು ಎಂದು ಕೇಳುತ್ತಲೇ ಇರಬೇಕು. ಆದರೆ ಕಾರ್ಖಾನೆಯಲ್ಲಿ ವರ್ಷವಿಡೀ ಪಾಳಿ ನಡೆಯುತ್ತದೆ, ಐಟಿಐ ಮುಗಿಸಿದ ಹುಡುಗನಿಗೆ ಅಲ್ಲೊಂದು ದಾರಿ ಇದೆ. ವರ್ಷಕ್ಕೆ ಎರಡು ಮೂರು ಸಂಜೆ ತೆರೆಯುವ ಗೇಟಿನ ಮುಂದೆ ಪಾರ್ಕಿಂಗ್ ಚೀಟಿ ಹರಿಯುವುದನ್ನು ಉದ್ಯೋಗ ಎಂದು ಕರೆದು ನಮ್ಮ ಮಕ್ಕಳನ್ನು ವಂಚಿಸಬಾರದು.

‘ಕ್ರೀಡೆ ಬೆಳೆಯುತ್ತದೆ’ ಎಂಬುದು ಮೂರನೇ ಮಾತು. ಗುಬ್ಬಿಯಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ನಡೆಯುವಾಗ ಹೋಗಿ ನೋಡಿ. ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕಿನ ಗೆರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿರುತ್ತದೆ. ಓಟಕ್ಕೆ ಸಾಲಾಗಿ ನಿಂತ ಹುಡುಗಿಯರಲ್ಲಿ ಹಲವರದು ಬರಿಗಾಲು. ಒಬ್ಬಳು ಓಡಿ ಬಂದು ಬಿಚ್ಚಿಕೊಟ್ಟ ಶೂ ಹಾಕಿಕೊಂಡು ಮುಂದಿನ ಸುತ್ತಿಗೆ ಇನ್ನೊಬ್ಬಳು ನಿಲ್ಲುತ್ತಾಳೆ. ಉದ್ದ ಜಿಗಿತದ ಗುಂಡಿಯ ಮರಳನ್ನು ಪಿ.ಟಿ. ಮೇಷ್ಟ್ರೇ ಗುದ್ದಲಿ ಹಿಡಿದು ಸಡಿಲ ಮಾಡುತ್ತಾರೆ. ಮಕ್ಕಳ ಊಟ, ಆಟೊ ಬಾಡಿಗೆಗೆ ಅವರದೇ ಜೇಬು. ಪಿ.ಟಿ. ಮೇಷ್ಟ್ರೇ ಇಲ್ಲದ ಸರ್ಕಾರಿ ಶಾಲೆಯ ಮಕ್ಕಳು ಆ ಮೈದಾನದವರೆಗೂ ಬರುವುದಿಲ್ಲ. ಕ್ರೀಡೆ ಬೆಳೆಯಬೇಕಾದದ್ದು ಅಲ್ಲಿ. ನೂರಾರು ಕೋಟಿಯ ಗ್ಯಾಲರಿಯಲ್ಲಿ ಆ ಹುಡುಗಿಗೆ ಸಿಗುವ ಜಾಗ, ಸಿಕ್ಕರೆ, ಪ್ರೇಕ್ಷಕರ ಸಾಲಿನಲ್ಲಿ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ಬೆಂಗಳೂರು ಮತ್ತು ತುಮಕೂರಿನ ನಡುವೆ ಆಲೂರಿನಲ್ಲಿ ಮೈದಾನಗಳಿವೆ, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿಯಲ್ಲೂ ಇವೆ. ಗುಬ್ಬಿಯ ಹುಡುಗಿಗೆ ಇರುವುದು ಸುಣ್ಣದ ಗೆರೆ ಒಂದೇ.

ಕೊನೆಗೆ ಉಳಿಯುವುದು ‘ಹೆಮ್ಮೆ’. ಅದನ್ನು ಪ್ರಶ್ನಿಸುವುದು ಎಲ್ಲಕ್ಕಿಂತ ಕಷ್ಟ, ಆದ್ದರಿಂದಲೇ ಪ್ರಶ್ನಿಸಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ರಾಯಲ್ ಚಾಲೆಂಜರ್ಸ್ ತಂಡದ ಐಪಿಎಲ್ ವಿಜಯೋತ್ಸವ ನೋಡಲು ಬಂದ 11 ಜನ ಕಾಲ್ತುಳಿತಕ್ಕೆ ಸಿಕ್ಕು ಸತ್ತರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಗೆದ್ದ ಮರುದಿನವೇ ಉತ್ಸವ ಆಗಲೇಬೇಕೆಂಬ ಅವಸರ, ವಿಧಾನಸೌಧದ ಮೆಟ್ಟಿಲ ಮೇಲೆ ಆಟಗಾರರ ಜೊತೆ ಕಾಣಿಸಿಕೊಳ್ಳುವ ಪೈಪೋಟಿ ಎದ್ದು ಕಂಡವು. ಸಿದ್ಧತೆ ಆಗಿದೆಯೇ ಎಂದು ನಿಲ್ಲಿಸಿ ಕೇಳಬೇಕಾದ ದನಿ ಎಲ್ಲಿಯೂ ಕೇಳಲಿಲ್ಲ. ಸತ್ತವರಲ್ಲಿ ನಮ್ಮ ಜಿಲ್ಲೆಯ ಮೂಲದ ಯುವಕನೂ ಇದ್ದ. ಗಡುವು ಮತ್ತು ಮಾನ ಸೇರಿದರೆ ದುಡ್ಡಿನ ಲೆಕ್ಕದ ಜೊತೆಗೆ ಜೀವದ ಲೆಕ್ಕವೂ ತಪ್ಪುತ್ತದೆ. ಆ ದುರಂತಕ್ಕೆ ಸರ್ಕಾರ ಕಂಡುಕೊಂಡ ಪರಿಹಾರಗಳಲ್ಲಿ ಇನ್ನೂ ದೊಡ್ಡ ಕ್ರೀಡಾಂಗಣವೂ ಒಂದಾಯಿತು ಎಂಬುದು ಈ ನಂಬಿಕೆಯ ಬೇರು ಎಷ್ಟು ಆಳಕ್ಕಿಳಿದಿದೆ ಎಂದು ತೋರಿಸುತ್ತದೆ.

ಎಲ್ಲ ಕ್ರೀಡಾಕೂಟಗಳೂ ಊರು ಕೆಡಿಸಿಲ್ಲ ಎಂದು ಎದುರು ವಾದಿಸುವವರ ಮಾತು ನಿಜ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಲಾಭ ಮಾಡಿತು. ಹೇಗೆಂದರೆ, ಬೇರೆ ಗಟ್ಟಿ ಸ್ಪರ್ಧಿಗಳೇ ಇಲ್ಲದ್ದರಿಂದ ಆ ನಗರ ಷರತ್ತು ಹಾಕುವ ಸ್ಥಿತಿಯಲ್ಲಿತ್ತು, ಇದ್ದ ಕ್ರೀಡಾಂಗಣಗಳನ್ನೇ ಬಳಸಿತು. 1997ರಲ್ಲಿ ಕರ್ನಾಟಕ ನಡೆಸಿದ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮ ಆಮೇಲೆ ಜನರ ವಸತಿಯಾಯಿತು, ಕಂಠೀರವ ಕ್ರೀಡಾಂಗಣದಲ್ಲಿ ಇಂದಿಗೂ ಮಕ್ಕಳು ಓಡುತ್ತಾರೆ. ಕಟ್ಟುವ ಮೊದಲೇ ಬಳಸುವವರು ಯಾರು ಎಂದು ಗೊತ್ತಿದ್ದ ಕಡೆ ದುಡ್ಡು ಉಳಿದಿದೆ. ಬಳಸುವವರನ್ನು ಆಮೇಲೆ ಹುಡುಕಿದ ಮಾಂಟ್ರಿಯಲ್ 1976ರ ಒಲಿಂಪಿಕ್ಸ್ ಸಾಲವನ್ನು 2006ರವರೆಗೆ ತೀರಿಸಿತು. ರಾಂಚಿಯ ಕಥೆ ಇನ್ನೂ ಹತ್ತಿರದ್ದು. 2007ರಲ್ಲಿ ಆಗಬೇಕಿದ್ದ ರಾಷ್ಟ್ರೀಯ ಕ್ರೀಡಾಕೂಟ ಮುಂದಕ್ಕೆ ಹೋಗಿ ಹೋಗಿ 2011ರಲ್ಲಿ ನಡೆಯಿತು. ಖರೀದಿ ಅಕ್ರಮಗಳ ತನಿಖೆಯನ್ನು 2022ರಲ್ಲಿ ಜಾರ್ಖಂಡ್ ಹೈಕೋರ್ಟ್ ಸಿಬಿಐಗೆ ಒಪ್ಪಿಸಬೇಕಾಯಿತು.

ನಮಗಿಂತ ಸಿರಿವಂತರು ಲೆಕ್ಕ ಹಾಕಿ ಹಿಂದೆ ಸರಿಯುತ್ತಿದ್ದಾರೆ ಎಂಬುದನ್ನೂ ಗಮನಿಸಿ. 2026ರ ಕಾಮನ್‌ವೆಲ್ತ್ ಕೂಟ ನಡೆಸಬೇಕಿದ್ದ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ, ಖರ್ಚು ದುಪ್ಪಟ್ಟಿಗೂ ಮೀರುತ್ತದೆಂದು ಕಂಡು 2023ರಲ್ಲಿ ಒಲ್ಲೆ ಎಂದಿತು. ಗ್ಲಾಸ್ಗೊ ಅದನ್ನು ಬಹಳ ಚಿಕ್ಕದು ಮಾಡಿಯೇ ಒಪ್ಪಿಕೊಂಡಿತು. ಹ್ಯಾಂಬರ್ಗ್ ನಗರ 2015ರಲ್ಲಿ ತನ್ನ ಜನರನ್ನೇ ಕೇಳಿತು, ಜನ ಒಲಿಂಪಿಕ್ಸ್ ಬೇಡ ಎಂದರು. ಇದರಿಂದ ಆ ಊರುಗಳ ಮಾನ ಹೋಗಲಿಲ್ಲ. 1960ರಿಂದ ಈಚೆಗಿನ ಒಲಿಂಪಿಕ್ಸ್‌ಗಳನ್ನು ಅಧ್ಯಯನ ಮಾಡಿದ ಆಕ್ಸ್‌ಫರ್ಡ್ ಸಂಶೋಧಕರು, ಲೆಕ್ಕ ಸಿಕ್ಕ ಪ್ರತಿಯೊಂದು ಕೂಟವೂ ಅಂದಾಜು ಮೀರಿದೆ, ಸರಾಸರಿ ಶೇ 172ರಷ್ಟು ಮೀರಿದೆ ಎಂದು 2020ರಲ್ಲಿ ಹೇಳಿದರು. ಪ್ರತಿ ಸಲವೂ ತಪ್ಪುವ ಅಂದಾಜನ್ನು ಅಂದಾಜು ಎಂದು ನಂಬುವುದು ಹೇಗೆ?

‘ತಿಂದರೂ ಕೆಲಸ ಮಾಡಿದರೆ ಸಾಕು’ ಎಂಬುದಕ್ಕೆ ಈಗ ಉತ್ತರ ಕೊಡಬಹುದು. ತಿನ್ನುವವರು ಕೆಲಸದ ಮೇಲೆ ತಿನ್ನುವುದಿಲ್ಲ, ಕೆಲಸದ ಆಯ್ಕೆಯಲ್ಲೇ ತಿನ್ನುತ್ತಾರೆ. ಶಾಲೆಗೆ ಪಿ.ಟಿ. ಮೇಷ್ಟ್ರು ನೇಮಕ ಮಾಡಿದರೆ ಕಮಿಷನ್ ಸಿಗುವುದಿಲ್ಲ, ಇರುವ ಮೈದಾನ ಸರಿ ಮಾಡಿದರೆ ಸಿಗುವುದು ಅಲ್ಪ. ಆದ್ದರಿಂದ ಬೇಕಾದ ಸಣ್ಣ ಕೆಲಸಗಳು ವರ್ಷಗಟ್ಟಲೆ ಕಡತದಲ್ಲಿ ಕೊಳೆಯುತ್ತವೆ, ಬೇಕೋ ಬೇಡವೋ ಎಂದು ಯಾರೂ ಕೇಳದ ದೊಡ್ಡ ಕೆಲಸಗಳು ರಾತ್ರೋರಾತ್ರಿ ಮಂಜೂರಾಗುತ್ತವೆ. ಹತ್ತು ಪರ್ಸೆಂಟು ಹೋದರೂ ತೊಂಬತ್ತು ಉಳಿಯಿತಲ್ಲ ಎಂಬ ಸಮಾಧಾನ ಸುಳ್ಳು. ತಪ್ಪು ಕೆಲಸಕ್ಕೆ ಹೋದ ದುಡ್ಡಿನಲ್ಲಿ ನೂರಕ್ಕೆ ನೂರೂ ನಷ್ಟವೇ.

ಹಾಗಾದರೆ ಮಾಡಬೇಕಾದದ್ದೇನು? ಸೋರೆಕುಂಟೆಯ ವಿವರವಾದ ಯೋಜನಾ ವರದಿ ಕನ್ನಡದಲ್ಲಿ, ಮಹಾನಗರ ಪಾಲಿಕೆಯ ನೋಟಿಸ್ ಬೋರ್ಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರಲಿ. ಕಟ್ಟುವ ಖರ್ಚಿನ ಜೊತೆಗೆ ಮುಂದಿನ ಇಪ್ಪತ್ತು ವರ್ಷದ ನಿರ್ವಹಣೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಅದರಲ್ಲಿ ಬರೆದಿರಲಿ. ಕ್ರೀಡಾ ಕಾಮಗಾರಿಗಳಿಗೆ 4(ಜಿ) ವಿನಾಯಿತಿ ಕೊಡುವುದಿಲ್ಲ ಎಂದು ಸರ್ಕಾರ ಸದನದಲ್ಲಿ ಮಾತು ಕೊಡಲಿ. ನರೇಗಾ ಕೆಲಸಕ್ಕೆ ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ನಡೆಯುತ್ತ ಬಂದಿದೆ. ಕೂಲಿಯವರ ಮುನ್ನೂರು ಚಿಲ್ಲರೆ ರೂಪಾಯಿಗೆ ಇರುವ ತಪಾಸಣೆ ಕೋಟಿಗಳಿಗೂ ಇರಲಿ, ಕಾಮಗಾರಿ ನಡೆಯುವಾಗಲೇ ಇರಲಿ. ತಾನು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ದೇಶದ ಕ್ರಿಕೆಟ್ ಮಂಡಳಿ ವರ್ಷಗಳಿಂದ ವಾದಿಸುತ್ತಿದೆ. ಸಾರ್ವಜನಿಕರ ಜಮೀನಿನಲ್ಲಿ ಕ್ರೀಡಾಂಗಣ ಕಟ್ಟುವ ಯಾರೇ ಆಗಲಿ, ಆ ಕ್ರೀಡಾಂಗಣದ ಮಟ್ಟಿಗೆ ಮಾಹಿತಿ ಹಕ್ಕಿಗೆ ಒಳಪಡಬೇಕು ಎಂಬ ಷರತ್ತು ಕರಾರಿನಲ್ಲೇ ಇರಲಿ. ಸ್ಮಾರ್ಟ್ ಸಿಟಿ ಹಣದಲ್ಲಿ ಹೊಸದಾದ ಮಹಾತ್ಮ ಗಾಂಧಿ ಕ್ರೀಡಾಂಗಣವನ್ನು ಯಾರು ಬಳಸುತ್ತಿದ್ದಾರೆ, ಎಷ್ಟು ಶುಲ್ಕ, ನಿರ್ವಹಣೆಗೆ ಎಷ್ಟು ಎಂಬ ಲೆಕ್ಕವನ್ನು ಮೊದಲು ಊರಿನ ಮುಂದಿಡಲಿ. ಗುಬ್ಬಿ, ಕುಣಿಗಲ್ ಸೇರಿ ಹತ್ತೂ ತಾಲ್ಲೂಕುಗಳ ಮೈದಾನಗಳು, ಪಿ.ಟಿ. ಮೇಷ್ಟ್ರುಗಳ ಖಾಲಿ ಹುದ್ದೆಗಳು ಸೋರೆಕುಂಟೆಗಿಂತ ಮುಂಚೆ ಬಜೆಟ್ಟಿನಲ್ಲಿ ಜಾಗ ಪಡೆಯಲಿ.

ಇದನ್ನೆಲ್ಲ ಕೇಳುವವರನ್ನು ಅಭಿವೃದ್ಧಿಯ ವಿರೋಧಿಗಳು ಎನ್ನುತ್ತಾರೆ, ಊರಿನ ಶತ್ರುಗಳು ಎನ್ನುತ್ತಾರೆ. ದೆಹಲಿಯಲ್ಲೂ ರಿಯೊದಲ್ಲೂ ಪ್ರಶ್ನೆ ಕೇಳಿದವರು ಇದೇ ಮಾತು ಕೇಳಿಸಿಕೊಂಡರು, ಕೊನೆಗೆ ಅವರು ಹೇಳಿದ್ದೇ ನಿಜವಾಯಿತು. ಪಾರದರ್ಶಕವಾಗಿ ಕಟ್ಟಿದ, ವರ್ಷವಿಡೀ ನಮ್ಮ ಮಕ್ಕಳು ಆಡುವ ಕ್ರೀಡಾಂಗಣ ಬಂದರೆ ಅದನ್ನು ಮೊದಲು ಸ್ವಾಗತಿಸುವವರು ಲೆಕ್ಕ ಕೇಳುವ ನಾವೇ. ಆದರೆ ಆ ಜಮೀನು ಜನರದ್ದು, ಬೊಕ್ಕಸ ಜನರದ್ದು, ಮುಂದೆ ತೀರಿಸಬೇಕಾದ ಸಾಲವೂ ಜನರದ್ದು. ಲೆಕ್ಕ ಕೊಡಲು ಒಪ್ಪದವರಿಗೆ, ಅವರು ಯಾವ ಪಕ್ಷದವರಾಗಿದ್ದರೂ, ಆ 41 ಎಕರೆಯ ಮೇಲೆ ಒಂದು ಇಟ್ಟಿಗೆ ಇಡುವ ಅಧಿಕಾರವನ್ನೂ ತುಮಕೂರು ಕೊಡಬಾರದು.